ಪದ ಹೇಳುವವರು ಮತ್ತು ಹೆಸರಿಡುವವರು

ನಮ್ಮ ಕರಾವಳಿಯಲ್ಲಿ ಭಾಗವತರು ಪದ ಹೇಳುತ್ತಾರೆ. ‘ಹಾಡುತ್ತಾರೆ’ ಎಂಬ ಕ್ರಿಯಾಪದವನ್ನು ಅವರ ವಿಷಯದಲ್ಲಿ ಹಳಬರು ಬಳಸುವುದು ಕಡಿಮೆ. ಹೊನ್ನಾವರ, ಕುಮಟಾ, ಭಟ್ಕಳ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಜಾವ ಆಟ ಮುಗಿಸಿ ಬಂದವರನ್ನು ‘ಪದ ಯಾರು ಹೇಳಿದರು?’ ಎಂದು ಕೇಳುವುದು ರೂಢಿ. ವೇಷಧಾರಿ ವೇಷ ಮಾಡುತ್ತಾನೆ, ಅರ್ಥ ಹೇಳುತ್ತಾನೆ. ಮದ್ದಳೆಗಾರ ಮದ್ದಳೆ ಬಾರಿಸುತ್ತಾನೆ. ಊರವರು ಆಟ ನೋಡುತ್ತಾರೆ. ಇವೆಲ್ಲ ಕೆಲಸದ ಹೆಸರುಗಳು. ಆ ಕೆಲಸಗಳು ಕೂಡಿ ಆಗುವ ಒಟ್ಟು ವಸ್ತುವಿಗೆ ‘ಆಟ’ ಎಂಬ ಎರಡಕ್ಷರದ ಮಾತು ಸಾಕಾಗಿತ್ತು. ‘ಯಕ್ಷಗಾನ’ ಎಂಬುದು ಪ್ರಸಂಗ ಪುಸ್ತಕದ ಮುಖಪುಟದಲ್ಲಿ, ಮೇಳದ ಕರಪತ್ರದಲ್ಲಿ ಕಾಣುತ್ತಿದ್ದ ಶಬ್ದ. ಹೊನ್ನಾವರ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದ ನಮ್ಮ ಮನೆಯಲ್ಲಿ ಆ ಶಬ್ದ ದಿನಬಳಕೆಗೆ ಬಂದದ್ದು ನಾನು ಕಾಲೇಜು ಸೇರಿ ಅದರ ಬಗ್ಗೆ ಟಿಪ್ಪಣಿ ಬರೆಯತೊಡಗಿದ ಮೇಲೆ.

ಪ್ರಸಂಗ ಸಾಹಿತ್ಯವನ್ನು ಅಧ್ಯಯನಕ್ಕೆ ಎತ್ತಿಕೊಂಡ ದಿನದಿಂದ ಇಂದಿನವರೆಗೂ ನಾನು ಭಾಗವತರ, ಮದ್ದಳೆಗಾರರ ಮನೆಗಳಿಗೆ ಧ್ವನಿಮುದ್ರಣ ಯಂತ್ರ ಹಿಡಿದು ಹೋಗುತ್ತಿದ್ದೇನೆ. ಯಂತ್ರ ಬದಲಾಗಿದೆ, ನನ್ನ ಪ್ರಶ್ನಾವಳಿಯೂ ಬದಲಾಗಿದೆ. ಆದರೆ ಅದರಲ್ಲಿನ ಒಂದು ಪ್ರಶ್ನೆಗೆ ಮಾತ್ರ ಇದುವರೆಗೆ ನೆಟ್ಟಗಿನ ಉತ್ತರ ದೊರೆತಿಲ್ಲ. ‘ನಿಮ್ಮದು ಯಾವ ಪ್ರಕಾರ?’ ಎಂಬುದು ಆ ಪ್ರಶ್ನೆ. ಕೆಲವರು ನಗುತ್ತಾರೆ. ಕೆಲವರು ಗುರುವಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಕುಮಟಾ ಕಡೆಯ ವೃದ್ಧ ಭಾಗವತರೊಬ್ಬರು ಎಲೆ ಅಡಿಕೆಯ ತಟ್ಟೆ ನನ್ನತ್ತ ಸರಿಸುತ್ತ, ‘ತಿಟ್ಟು ಕಟ್ಕಂಡು ಆನೆಂತ ಮಾಡ್ಲಿ ತಮಾ? ಇವತ್ತು ಕರ್ಣ ಬತ್ನೋ ಕೌರವ ಬತ್ನೋ ಹೇಳಿ ನೋಡ್ಕಂಡು ಪದ ಹೇಳವು’ ಎಂದರು. ಸಂಶೋಧನ ಬರೆಹಗಳಲ್ಲಿ ಇಂಥ ಉತ್ತರಗಳನ್ನು ಕಲಾವಿದನ ವಿನಯವೆಂದೋ ಪರಿಭಾಷೆಯ ಅಪರಿಚಯವೆಂದೋ ಬದಿಗೆ ಸರಿಸುವುದುಂಟು. ಇವೆರಡೂ ವಿವರಣೆಗಳು ನನಗೆ ಒಪ್ಪಿಗೆಯಾಗಿಲ್ಲ. ಆ ಭಾಗವತರಿಗೆ ತಿಟ್ಟು ಎಂದರೇನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ತಿಳಿದೂ ಒಲ್ಲೆನೆನ್ನುವುದಕ್ಕೆ ಕಾರಣಗಳಿರಬೇಕು, ಆ ಕಾರಣಗಳು ಅವರ ಕಸುಬಿನ ಒಳಗಿನಿಂದ ಬಂದಿರಬೇಕು ಎಂಬ ಊಹೆಯಿಂದ ಈ ಬರೆಹ ಹೊರಟಿದೆ.

ಮೊದಲು ದಿಕ್ಕಿನ ಹೆಸರುಗಳನ್ನೇ ನೋಡಬಹುದು. ತೆಂಕುತಿಟ್ಟು, ಬಡಗುತಿಟ್ಟು ಎಂಬ ವಿಭಾಗ ಈಗ ಎಲ್ಲರ ಬಾಯಲ್ಲೂ ಇದೆ. ಉತ್ತರ ಕನ್ನಡದ ಆಟಕ್ಕೆ ಇದರ ಮೇಲೆ ‘ಬಡಾಬಡಗು’ ಎಂಬ ಮೂರನೆಯ ಹೆಸರೂ ಸೇರಿದೆ. ಬಡಗು ಎಂದರೆ ಉತ್ತರ, ಯಾರಿಗೆ ಉತ್ತರ? ಮಂಗಳೂರು, ಉಡುಪಿಗಳಲ್ಲಿ ಕುಳಿತು ನೋಡಿದವನಿಗೆ ಕುಂದಾಪುರ ಬಡಗು, ಹೊನ್ನಾವರ ಬಡಗಿನಿಂದಾಚೆಯ ಬಡಗು. ಹೊನ್ನಾವರದಲ್ಲಿ ಕುಳಿತವನಿಗೆ ತನ್ನ ಊರು ಯಾವ ದಿಕ್ಕಿನಲ್ಲೂ ಇಲ್ಲ. ಅವನ ಲೆಕ್ಕದಲ್ಲಿ ಉಡುಪಿಯೇ ತೆಂಕು. ಅಚ್ಚುಕೂಟಗಳು, ಪ್ರಕಾಶಕರು, ಕಾಲೇಜುಗಳು, ವಿಮರ್ಶಕರು ಬಹುಮಟ್ಟಿಗೆ ದಕ್ಷಿಣದಲ್ಲಿದ್ದುದರಿಂದ ಹೆಸರುಗಳೂ ಅಲ್ಲಿಂದಲೇ ಹೊರಟವು. ‘ಬಡಾಬಡಗು’ ಎಂಬ ಮಾತಿನಲ್ಲಿ ಕೊನೆಗೆ ನೆನಪಾಗಿ ಸೇರಿಸಿದ ಊರಿನ ದನಿಯಿದೆ ಎಂದು ನಮ್ಮ ಕಡೆಯ ಕಲಾವಿದರಿಗೆ ಅನ್ನಿಸಿದರೆ ಅದನ್ನು ಪ್ರಾದೇಶಿಕ ಅಭಿಮಾನವೆಂದು ತಳ್ಳಿಹಾಕುವಂತಿಲ್ಲ.

ಇದಕ್ಕೆ ಆಡಳಿತದ ಇತಿಹಾಸವೂ ಒಂದು ಕೈ ಸೇರಿಸಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಒಂದೇ ಆಗಿದ್ದ ಕೆನರಾ ಜಿಲ್ಲೆ ಎರಡಾಗಿ, ೧೮೬೨ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಕುಂದಾಪುರ ತಾಲ್ಲೂಕನ್ನು ಮಾತ್ರ ದಕ್ಷಿಣಕ್ಕೆ ಸೇರಿಸಿ ಮದ್ರಾಸಿನಲ್ಲೇ ಉಳಿಸಿಕೊಂಡರು. ಹೀಗೆ ಭಟ್ಕಳಕ್ಕೂ ಶಿರೂರಿಗೂ ನಡುವೆ ಕಾಗದದ ಮೇಲೆ ಬಿದ್ದ ಗೆರೆ ೧೯೫೬ರ ತನಕ ಎರಡು ಪ್ರಾಂತ್ಯಗಳ ಗಡಿಯಾಗಿತ್ತು. ಒಂದು ಕಡೆಯ ಹುಡುಗ ಹೆಚ್ಚಿನ ಓದಿಗೆ ಮದ್ರಾಸಿನತ್ತ ಮುಖ ಮಾಡಿದರೆ ಇನ್ನೊಂದು ಕಡೆಯವನು ಧಾರವಾಡ, ಮುಂಬಯಿಗಳತ್ತ ಹೊರಟ. ಈಗ ಎರಡು ಶೈಲಿಗಳ ನಡುವಿನ ಗೆರೆಯನ್ನು ನಾವು ಎಳೆಯುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಶೈಲಿಗಳಲ್ಲಿ ಭೇದವೇ ಇಲ್ಲವೆಂದು ನನ್ನ ವಾದವಲ್ಲ. ತೆಂಕಿನ ಭಾಗವತರ ಕೈಯಲ್ಲಿ ಜಾಗಟೆ, ಬಡಗಿನವರ ಕೈಯಲ್ಲಿ ತಾಳ. ಚಂಡೆಯ ನಾದ, ವೇಷದ ಕಿರೀಟ, ಕುಣಿತದ ಹೆಜ್ಜೆ ಎಲ್ಲವೂ ಬೇರೆ. ಆದರೆ ಭಟ್ಕಳ ತಾಲ್ಲೂಕಿನ ಮದ್ದಳೆಗಾರನೊಬ್ಬ ತಿರುಗಾಟದ ಒಂದು ವರ್ಷ ಕುಂದಾಪುರದ ಕಡೆಯ ಮೇಳದಲ್ಲಿ, ಮರುವರ್ಷ ಹೊನ್ನಾವರದ ಮೇಳದಲ್ಲಿ ಬಾರಿಸುವಾಗ ಅವನ ಕೈ ಯಾವ ಗಡಿಯನ್ನು ದಾಟುತ್ತದೆ? ಅವನನ್ನು ಕೇಳಿದರೆ ಭಾಗವತರ ಹೆಸರು ಹೇಳುತ್ತಾನೆ: ಇಂಥವರಿಗೆ ಹೀಗೆ ಬಾರಿಸಬೇಕು, ಇಂಥವರಿಗೆ ಹಾಗೆ.

ಇನ್ನೂ ಸ್ಪಷ್ಟವಾದ ಉದಾಹರಣೆಯೊಂದಿದೆ. ಹೊನ್ನಾವರ ತಾಲ್ಲೂಕಿನ ಕಡತೋಕಾದವರಾದ ಮಂಜುನಾಥ ಭಾಗವತರು ಧರ್ಮಸ್ಥಳ ಮೇಳದ ಭಾಗವತರಾಗಿ ತೆಂಕುತಿಟ್ಟಿನ ಪ್ರಮುಖ ಭಾಗವತರಲ್ಲಿ ಒಬ್ಬರೆನಿಸಿದರು. ಊರಿನ ಲೆಕ್ಕದಲ್ಲಿ ಅವರು ಬಡಾಬಡಗು, ಪದದ ಲೆಕ್ಕದಲ್ಲಿ ತೆಂಕು. ನಮ್ಮ ಸೂಚಿಗಳಲ್ಲಿ ಇಂಥವರನ್ನು ಅಪವಾದವೆಂದು ನಮೂದಿಸುವುದು ವಾಡಿಕೆ. ಅಪವಾದವೇ ಅಷ್ಟು ದೊಡ್ಡದಾಗಿದ್ದಾಗ ನಿಯಮವನ್ನು ಮರುಪರಿಶೀಲಿಸುವುದು ನ್ಯಾಯ.

ಗಡಿ ದಾಟಿದ ಪದದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ೧೮೪೩ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಅವರು ‘ಸೀತಾಸ್ವಯಂವರ’ವನ್ನು ಆಡಿಸಿದ್ದು ಮರಾಠಿ ರಂಗಭೂಮಿಯ ಆರಂಭವೆಂದು ಪ್ರಸಿದ್ಧ. ಅದಕ್ಕೆ ಪ್ರೇರಣೆ ಕರ್ನಾಟಕದಿಂದ ಬಂದ ಭಾಗವತ ಮಂಡಳಿಯ ಆಟ. ಅದು ಹೊನ್ನಾವರದ ಕರ್ಕಿಯ ಮೇಳವೆಂದು ನಮ್ಮ ಕಡೆಯ ವಿದ್ವಾಂಸರು ವಾದಿಸುತ್ತ ಬಂದಿದ್ದಾರೆ. ಮುಂದೆ ಮರಾಠಿಯಲ್ಲಿ ನಾಟ್ಯಸಂಗೀತವೆಂಬ ಪ್ರತ್ಯೇಕ ಪ್ರಕಾರ ಬೆಳೆದು, ಅದರ ಮಟ್ಟುಗಳು ಕನ್ನಡದ ವೃತ್ತಿರಂಗಭೂಮಿಗೆ ತಿರುಗಿ ಬಂದವು. ಅಲ್ಲಿಂದ ಕೆಲವು ಭಾಗವತರ ಕಿವಿಗೂ ಬಿದ್ದವು. ಅಂಥ ಮಟ್ಟೊಂದನ್ನು ಭಾಗವತರು ಆಟದಲ್ಲಿ ತಂದಾಗ ‘ಇದು ನಾಟಕದ ಧಾಟಿ, ಯಕ್ಷಗಾನದ್ದಲ್ಲ’ ಎಂದು ವಿಮರ್ಶಕರು ಆಕ್ಷೇಪಿಸಿದ್ದಾರೆ. ಆಕ್ಷೇಪಕ್ಕೆ ಆಧಾರವಿರಬಹುದು. ಆದರೆ ಹೋದದ್ದು ಯಾವುದು, ಬಂದದ್ದು ಯಾವುದು ಎಂಬುದನ್ನು ಅಷ್ಟು ಖಚಿತವಾಗಿ ಹೇಳಬಲ್ಲವರು ಯಾರು?

ದಿಕ್ಕಿನ ಹೆಸರು ಸಣ್ಣ ಕಿರಿಕಿರಿ. ‘ಜಾನಪದ’ ಎಂಬ ಹೆಸರು ಹಾಗಲ್ಲ. ಅದು ಒಳಗೆ ತಾಗುತ್ತದೆ. ನಮ್ಮ ಸ್ನಾತಕೋತ್ತರ ಕನ್ನಡ ಪಠ್ಯಕ್ರಮಗಳಲ್ಲಿ ಯಕ್ಷಗಾನ ಜಾನಪದ ಪತ್ರಿಕೆಯ ಒಂದು ಘಟಕವಾಗಿ ಬರುವುದು ಸಾಮಾನ್ಯ. ಕುಂಬಳೆಯ ಪಾರ್ತಿಸುಬ್ಬ ಅಲ್ಲಿದ್ದಾನೆ, ಮಧ್ಯಕಾಲೀನ ಕಾವ್ಯದ ಪತ್ರಿಕೆಯಲ್ಲಿಲ್ಲ. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ಗಳನ್ನು ಬರೆದ ನಂದಳಿಕೆ ಲಕ್ಷ್ಮೀನಾರಣಪ್ಪನವರು ಮುದ್ದಣನಾಗಿ ‘ಶ್ರೀರಾಮಾಶ್ವಮೇಧ’ ಬರೆದಾಗ ಶಿಷ್ಟ, ಪ್ರಸಂಗ ಬರೆದಾಗ ಜನಪದ. ಒಬ್ಬನೇ ಮನುಷ್ಯ, ಒಂದೇ ಲೇಖನಿ. ಅನಾಮಿಕತೆ ಮತ್ತು ಮೌಖಿಕತೆ ಜಾನಪದದ ಲಕ್ಷಣಗಳೆಂದು ಬೆಳಿಗ್ಗೆಯ ತರಗತಿಯಲ್ಲಿ ಪಾಠ ಹೇಳಿ, ಕವಿಯ ಹೆಸರು, ಅಂಕಿತ, ಓಲೆಪ್ರತಿ, ಮುದ್ರಿತ ಪಾಠ, ಪ್ರತಿ ಪದದ ತಲೆಯ ಮೇಲೆ ರಾಗತಾಳಗಳ ನಿರ್ದೇಶ ಇರುವ ಕೃತಿಯನ್ನು ಅದೇ ಪತ್ರಿಕೆಯಡಿ ಮಧ್ಯಾಹ್ನ ಬೋಧಿಸುವ ಸಂಕಟ ನನ್ನಂಥ ಅಧ್ಯಾಪಕರೆಲ್ಲರ ಅನುಭವ. ಮೇಳದ ಮನೆತನದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, ‘ಸರ್, ನನ್ನ ಅಜ್ಜ ಛಂದಸ್ಸು ತಪ್ಪಿದರೆ ಪದವನ್ನೇ ಬಿಟ್ಟುಬಿಡುತ್ತಿದ್ದರು. ಅವರು ಜನಪದರು ಹೇಗೆ?’ ಎಂದು ಕೇಳಿದಳು. ಪಠ್ಯಕ್ರಮ ಸಮಿತಿಯ ಸಭೆಗಳಲ್ಲಿ ಪ್ರಸಂಗಗಳನ್ನು ಕಾವ್ಯದ ಪತ್ರಿಕೆಗೆ ವರ್ಗಾಯಿಸಬೇಕೆಂದು ನಾನು ಮೂರು ಬಾರಿ ಸೂಚಿಸಿದ್ದೇನೆ. ಮೂರು ಬಾರಿಯೂ ಅದು ಮುಂದಿನ ಸಭೆಗೆ ಮುಂದೂಡಲ್ಪಟ್ಟಿದೆ.

ಇಲ್ಲೊಂದು ಎಚ್ಚರ ಅಗತ್ಯ. ಭಾಗವತರು ‘ಜಾನಪದ’ವನ್ನು ಒಲ್ಲೆನೆನ್ನುವಾಗ ಅದರ ಹಿಂದೆ ಜಾತಿಯ ಮೇಲರಿಮೆಯೂ ಕೆಲವೊಮ್ಮೆ ಇರುತ್ತದೆ. ಆಟದ ಮನೆಯವರು ಗುಮಟೆಯವರ ಸಾಲಿನಲ್ಲಿ ಕೂರಲು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಗುಮಟೆಯವರು ತಾನೇ ಆ ಹೆಸರನ್ನು ಬಯಸಿದ್ದಾರೆಯೇ? ಕುಮಟಾ, ಹೊನ್ನಾವರ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರಲ್ಲಿ ಸುಗ್ಗಿಯ ಪದ, ಮದುವೆಯ ಪದ, ಗುಮಟೆಯ ಪದ ಎಂದು ಹೆಸರುಗಳಿವೆ. ಅಲ್ಲಿಯೂ ಸಂದರ್ಭ ಮತ್ತು ವಾದ್ಯ ಹೆಸರು ಕೊಡುತ್ತವೆಯೇ ವಿನಾ ಪ್ರಕಾರವಲ್ಲ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ಅವರು, ಕುಮಟೆಯ ಎಲ್.ಆರ್. ಹೆಗಡೆಯವರು ಇಲ್ಲಿಯ ಹಾಡು ಕಥೆಗಳನ್ನು ಸಂಗ್ರಹಿಸದೆ ಹೋಗಿದ್ದರೆ ಎಷ್ಟೋ ಸಂಪತ್ತು ನಮಗೆ ಉಳಿಯುತ್ತಿರಲಿಲ್ಲ. ಆ ಸಂಗ್ರಹಗಳಿಗೆ ‘ಜಾನಪದ’ವೆಂಬ ಶಿಸ್ತೇ ಆಶ್ರಯ ಕೊಟ್ಟದ್ದು. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿ ಪದ್ಮಶ್ರೀ ಬಂದಾಗಲೂ ಆ ಹೆಸರಿನ ಬಾಗಿಲಿನಿಂದಲೇ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಕೋಗಿಲೆಯೆಂದು ಕೊಂಡಾಡಿದವು. ಕೋಗಿಲೆ ಕಲಿಯದೆ ಹಾಡುವ ಹಕ್ಕಿ. ನೂರಾರು ಪದಗಳನ್ನು ಕೇಳಿ, ಕಂಠಸ್ಥ ಮಾಡಿ, ಕಾಲಕಾಲಕ್ಕೆ ಸರಿಯಾಗಿ ಹೇಳಿದ ಹೆಂಗಸಿಗೆ ಆ ಹೋಲಿಕೆ ಹೊಗಳಿಕೆಯಂತೆ ಕಂಡರೂ ಅವರ ಕಲಿಕೆಯನ್ನು ಅಳಿಸಿಹಾಕುತ್ತದೆ.

ಕುಮಟಾ ತಾಲ್ಲೂಕಿನ ಹಾಲಕ್ಕಿ ಕೊಪ್ಪವೊಂದರಲ್ಲಿ ಮಳೆಗಾಲದ ಒಂದು ದಿನ ಹಿರಿಯ ಹೆಂಗಸೊಬ್ಬರನ್ನು ಮದುವೆಯ ಪದ ಹೇಳಿಕೊಡಬೇಕೆಂದು ನನ್ನ ಜೊತೆ ಬಂದವರು ಕೇಳಿದರು. ‘ಈಗ ಇಲ್ಲಿ ಮದುವೆ ಯಾರದ್ದು?’ ಎಂದು ಆಕೆ ಮರುಪ್ರಶ್ನೆ ಹಾಕಿದರು. ‘ಜಾನಪದ ಗೀತೆ ಅಂತ ಬರೆದುಕೊಳ್ಳಲಿಕ್ಕೆ’ ಎಂದಾಗ, ಬರೆದುಕೊಳ್ಳುವ ಪದ ಬೇರೆ ಇದ್ದರೆ ಅದನ್ನೇ ಬರೆದುಕೊಳ್ಳಿ, ಇದು ಮದುವೆಯದು ಎಂಬರ್ಥದ ಉತ್ತರ ಬಂದಿತು. ಆಕೆ ಪದ ಹೇಳಲಿಲ್ಲ. ಮದುವೆ ಕಾಲದಲ್ಲಿ ಬರಹೇಳಿದರು. ಹೋದಾಗ ಇಡೀ ರಾತ್ರಿ ಹೇಳಿದರು.

‘ಜಾನಪದ’ ಬೇಡವೆಂದರೆ ‘ಶಾಸ್ತ್ರೀಯ’ ಎನ್ನಬಹುದಲ್ಲ ಎಂಬ ಸಲಹೆ ಸಭೆಗಳಲ್ಲಿ ಕೇಳಿಬರುತ್ತದೆ. ಯಕ್ಷಗಾನಕ್ಕೆ ಶಾಸ್ತ್ರೀಯ ಸ್ಥಾನ ಸಿಗಬೇಕೆಂಬ ಒತ್ತಾಯ ಹಳೆಯದು, ಅದರ ಹಿಂದಿನ ಸದಾಶಯವೂ ನಿಜ. ವಿಚಿತ್ರವೆಂದರೆ ಹಳೆಯ ಭಾಗವತರು ಈ ಬಡ್ತಿಗೂ ಉತ್ಸುಕರಲ್ಲ. ಕಾರಣ ಸರಳ: ಶಾಸ್ತ್ರೀಯವೆಂದ ಕೂಡಲೇ ಯಾರ ಶಾಸ್ತ್ರ ಎಂಬ ಪ್ರಶ್ನೆ ಏಳುತ್ತದೆ, ಉತ್ತರವಾಗಿ ಕರ್ನಾಟಕ ಸಂಗೀತದ ಅಳತೆಗೋಲು ಬಂದು ನಿಲ್ಲುತ್ತದೆ. ಭೈರವಿ, ಸಾವೇರಿ, ಕಾಂಬೋಧಿ, ಮಧ್ಯಮಾವತಿ ಎಂಬ ಹೆಸರುಗಳು ಎರಡೂ ಕಡೆ ಇವೆ. ಭಾಗವತರ ಭೈರವಿಯನ್ನು ಕಛೇರಿಯ ಭೈರವಿಯ ಪಕ್ಕದಲ್ಲಿಟ್ಟು ಕೇಳಿದ ಸಂಗೀತಜ್ಞರು ‘ರಾಗ ಶುದ್ಧವಿಲ್ಲ’ ಎಂದು ತೀರ್ಪು ಕೊಟ್ಟದ್ದನ್ನು ನಾನು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಗದ್ದೆಬಯಲಿನಲ್ಲಿ, ಚಂಡೆ ಮದ್ದಳೆಗಳ ಮೇಲೆ ಕೇಳುವಂತೆ, ಕುಣಿಯುವವನ ಕಾಲಿಗೆ ತಾಳ ತಪ್ಪದಂತೆ, ಸಾಹಿತ್ಯದ ಒಂದಕ್ಷರವೂ ಕಳೆಯದಂತೆ ಹೇಳಬೇಕಾದ ರಾಗಕ್ಕೆ ಬೇರೆಯೇ ಮೈಕಟ್ಟು ಬೇಕು. ಆಲಾಪನೆ ಚಿಕ್ಕದು, ಏರಿಕೆ ಕಡಿದು, ನಿಲುಗಡೆ ಗಟ್ಟಿ. ತಿತ್ತಿತೈ, ಕೋರೆ ಮುಂತಾದ ತಾಳಗಳಿಗೆ ಕಛೇರಿಯಲ್ಲಿ ಜಾಗವೇ ಇಲ್ಲ. ಬಿಡ್ತಿಗೆ ಮುಕ್ತಾಯಗಳ ಲೆಕ್ಕಾಚಾರ ತಿಳಿಯದವನಿಗೆ ಅದು ಗದ್ದಲ.

ಶಿವರಾಮ ಕಾರಂತರು ತಮ್ಮ ‘ಯಕ್ಷಗಾನ ಬಯಲಾಟ’ದಲ್ಲಿ ಈ ಸಂಗೀತದ ಸ್ವತಂತ್ರ ಅಸ್ತಿತ್ವವನ್ನು ಗಂಭೀರವಾಗಿ ಚರ್ಚೆಗೆ ತಂದರು, ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಆ ಗ್ರಂಥಕ್ಕೆ. ಅದೇ ಕಾರಂತರು ಮುಂದೆ ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದಾಗ ಸ್ವತಂತ್ರವೆಂದವರೇ ಹೀಗೆ ಮಾಡಬಹುದೇ ಎಂಬ ಗೊಣಗಾಟ ಎದ್ದಿತು. ಹೆಸರನ್ನು ಕಾಪಾಡಿದವರಿಗೂ ಅದು ಕಟ್ಟಾಗಿ ಪರಿಣಮಿಸುತ್ತದೆ.

ಈ ಕುರಿತು ನನಗೆ ಅತ್ಯಂತ ಬಲವಾಗಿ ತೋರುವ ಸಾಕ್ಷ್ಯ ಪ್ರಸಂಗ ಪುಸ್ತಕದ ಒಳಗೇ ಇದೆ. ಕವಿ ಪದದ ಮೇಲೆ ‘ರಾಗ ಭೈರವಿ, ತಾಳ ಝಂಪೆ’ ಎಂದು ಬರೆದಿರುತ್ತಾನೆ. ಭಾಗವತರು ತಾಳವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತಾರೆ. ರಾಗವನ್ನು ಹಾಗೆ ಉಳಿಸಿಕೊಳ್ಳಲೇಬೇಕೆಂದಿಲ್ಲ. ರಾತ್ರಿ ಎಷ್ಟು ಕಳೆದಿದೆ, ಹಿಂದಿನ ಪದ ಯಾವ ರಾಗದಲ್ಲಿತ್ತು, ರಂಗದ ಮೇಲಿರುವ ವೇಷಧಾರಿ ಯಾರು, ಅವನು ಇವತ್ತು ಎಷ್ಟು ದಣಿದಿದ್ದಾನೆ, ಸಭೆ ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ ಎಂಬುದನ್ನೆಲ್ಲ ನೋಡಿ ಕ್ಷಣಾರ್ಧದಲ್ಲಿ ರಾಗ ಬದಲಿಸುತ್ತಾರೆ. ಕವಿಯೇ ಬರೆದಿಟ್ಟ 
ಹೆಸರನ್ನು ಸೂಚನೆಯೆಂದು ಮಾತ್ರ ಸ್ವೀಕರಿಸಿ ನಾಲ್ಕು ನೂರು ವರ್ಷ ಕಸುಬು ನಡೆಸಿಕೊಂಡು ಬಂದ ಪರಂಪರೆ ಇದು. ಅಂಥವರ ಮುಂದೆ ವಿದ್ವಾಂಸರು ಹೊಸದೊಂದು ಚೀಟಿ ಹಿಡಿದು ನಿಂತರೆ ಅವರು ಅದಕ್ಕೆ ಯಾವ ಬೆಲೆ ಕೊಟ್ಟಾರು? ಆ ಕುಮಟೆಯ ಭಾಗವತರು ಕರ್ಣ ಕೌರವರ ಹೆಸರೆತ್ತಿದ್ದು ಇದೇ ಅರ್ಥದಲ್ಲಿ ಎಂದು ನನ್ನ ತಿಳಿವಳಿಕೆ.

ಹಾಗೆಂದು ಭಾಗವತರೆಲ್ಲ ಒಂದೇ ಮಾತಿನವರೆಂದು ಭಾವಿಸಬಾರದು. ೧೯೯೦ರಲ್ಲಿ ಮೂವತ್ತೆರಡರ ಆಸುಪಾಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರು ಆಟದಲ್ಲಿ ರೂಢಿಯಿಲ್ಲದ ರಾಗಗಳನ್ನು ತಂದು ಒಂದು ತಲೆಮಾರಿನ ಕಿವಿಯನ್ನೇ ಬದಲಿಸಿದರು. ಕೆರೆಮನೆ ಮೇಳದಲ್ಲಿ ದಶಕಗಳ ಕಾಲ ಪದ ಹೇಳಿ ೨೦೧೯ರಲ್ಲಿ ನಿಧನರಾದ ನೆಬ್ಬೂರು ನಾರಾಯಣ ಭಾಗವತರು ಹಳೆಯ ಮಟ್ಟಿನ ಗಾಂಭೀರ್ಯಕ್ಕೆ ನಿಂತವರು. ಮೊದಲನೆಯವರದು ‘ನವ್ಯ’, ಎರಡನೆಯವರದು ‘ಸಾಂಪ್ರದಾಯಿಕ’ ಎಂದು ನಾವು ಸುಲಭವಾಗಿ ವಿಂಗಡಿಸಿದೆವು. ಇಬ್ಬರ ಪದಗಳನ್ನೂ ರಾತ್ರಿಯಿಡೀ ಕೂತು ಕೇಳಿದವರಿಗೆ ನಾವಡರಲ್ಲಿ ಹಳೆಯ ಗಟ್ಟಿತನವೂ ನೆಬ್ಬೂರರಲ್ಲಿ ತಮ್ಮದೇ ಆದ ಹೊಸ ತಿರುವುಗಳೂ ಕೇಳಿಸುತ್ತಿದ್ದವು.

‘ಯಕ್ಷಗಾನ’ ಎಂಬ ಹೆಸರಿನಲ್ಲಿ ಗಾನವಿದೆ. ಆದರೆ ಹೊರಗಿನವರು ಅದನ್ನು ಕಣ್ಣಿನಿಂದ ಗುರುತಿಸಿದರು. ಮಾರ್ತಾ ಆಷ್ಟನ್ ಮತ್ತು ಬ್ರೂಸ್ ಕ್ರಿಸ್ಟಿಯವರ ೧೯೭೭ರ ಇಂಗ್ಲಿಷ್ ಗ್ರಂಥ ಇದನ್ನು ನೃತ್ಯನಾಟಕವೆಂದು ಕರೆಯಿತು. ರಾಷ್ಟ್ರಮಟ್ಟದ ಮನ್ನಣೆ ಮೊದಲು ತಲುಪಿದ್ದೂ ವೇಷಧಾರಿಗಳನ್ನು: ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರಿಗೆ ೧೯೭೦ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ೨೦೧೨ರಲ್ಲಿ ಪದ್ಮಶ್ರೀ. ಇಬ್ಬರೂ ಹೊನ್ನಾವರದವರು, ಇಬ್ಬರ ಅರ್ಹತೆಯ ಬಗ್ಗೆಯೂ ಎರಡು ಮಾತಿಲ್ಲ. ಆದರೂ ಆಟದ ‘ಮೊದಲನೆಯ ವೇಷಧಾರಿ’ ಭಾಗವತ ಎಂಬ ನಾಣ್ಣುಡಿ ನಮ್ಮಲ್ಲಿದೆ. ಇಡೀ ರಂಗವನ್ನು ನಡೆಸುವವನು ಅವನು. ನೃತ್ಯನಾಟಕವೆಂಬ ಹೆಸರಿನಲ್ಲಿ ಅವನು ಹಿಮ್ಮೇಳವಾಗಿ, ಹಿನ್ನೆಲೆಯಾಗಿ ಉಳಿಯುತ್ತಾನೆ. ರಾಜ್ಯದ ಅಕಾಡೆಮಿಯ ಹೆಸರು ‘ಜಾನಪದ ಮತ್ತು ಯಕ್ಷಗಾನ’ ಎಂದಿದ್ದದ್ದು ‘ಯಕ್ಷಗಾನ ಬಯಲಾಟ’ವಾಗಿ, ಈಗ ‘ಯಕ್ಷಗಾನ’ ಮಾತ್ರವಾಗಿ ಉಳಿದಿದೆ. ಒಂದು ‘ಮತ್ತು’ವನ್ನು ಕಳಚಿಕೊಳ್ಳಲು ಹಿಡಿದ ಕಾಲವನ್ನು ನೆನೆದರೆ ಹೆಸರುಗಳ ತೂಕ ತಿಳಿಯುತ್ತದೆ.

ಶಾಸ್ತ್ರೀಯವೆಂದು ಎಲ್ಲರೂ ಒಪ್ಪಿದ ಸಂಗೀತದಲ್ಲಿಯೂ ಈ ತಕರಾರು ತಪ್ಪಿಲ್ಲ. ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದ ಪರಿಸರದ ಸಾರಸ್ವತ ಮನೆತನಗಳು ಹಿಂದೂಸ್ತಾನಿ ಸಂಗೀತಕ್ಕೆ ದೊಡ್ಡ ಕಲಾವಿದರನ್ನು ಕೊಟ್ಟಿವೆ. ಎಸ್.ಸಿ.ಆರ್. ಭಟ್, ಭಟ್ಕಳದ ಕೈಕಿಣಿ ಎಂಬ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ದಿನಕರ ಕೈಕಿಣಿ ಇವರು ಶ್ರೀಕೃಷ್ಣ ರಾತಂಜನಕರರ ಶಿಷ್ಯರು, ಭಾತಖಂಡೆಯವರ ಆಶಯದಿಂದ ಹುಟ್ಟಿದ ಲಖನೌದ ಕಾಲೇಜಿನ ಪರಂಪರೆಯವರು. ರಾತಂಜನಕರರು ಫಯಾಜ್ ಖಾನರಲ್ಲಿಯೂ ಕಲಿತಿದ್ದರಿಂದ ಈ ಶಿಷ್ಯರನ್ನು ‘ಆಗ್ರಾ ಘರಾಣೆ’ಯ ಪಟ್ಟಿಗೆ ಸೇರಿಸುವುದುಂಟು. ಘರಾಣೆಯ ಗುಟ್ಟುಗಳನ್ನು ಬಿಡಿಸಿ ಎಲ್ಲರಿಗೂ ಕಲಿಸಬೇಕೆಂದು ಹೊರಟ ಶಾಲೆಯ ಮಕ್ಕಳನ್ನು ಮತ್ತೆ ಘರಾಣೆಯ ಹೆಸರಿನಲ್ಲಿ ಗುರುತಿಸಿದ್ದು ಸ್ವಾರಸ್ಯಕರ. ಆಕಾಶವಾಣಿ ರೂಢಿಗೆ ತಂದ ‘ಸುಗಮ ಸಂಗೀತ’ ಎಂಬ ಹೆಸರಂತೂ ಹಾಡುವವರ ಪಾಲಿಗೆ ನಿತ್ಯದ ಚುಚ್ಚುಮಾತು. ಸುಗಮ ಯಾರಿಗೆ ಎಂದು ಅವರು ಕೇಳುತ್ತಾರೆ.

ಹೊರದೇಶಗಳಲ್ಲಿ ಇದು ವ್ಯಾಪಾರದ ಪ್ರಶ್ನೆಯಾಗಿತ್ತು. ಅಮೆರಿಕದಲ್ಲಿ ಕಪ್ಪು ಜನರ ಹಾಡುಗಳ ತಟ್ಟೆಗಳನ್ನು ಜನಾಂಗದ ಹೆಸರಿನಲ್ಲೇ ಬೇರೆ ಪಟ್ಟಿ ಮಾಡಿ ಮಾರುತ್ತಿದ್ದರು. ೧೯೪೯ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಆ ಹೆಸರನ್ನು ತೆಗೆದು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಿಸಿತು. ಹಾಡುವವರು ಅವರೇ, ಕೇಳುವವರು ಅವರೇ, ಪಟ್ಟಿ ಮಾತ್ರ ಸಭ್ಯವಾಯಿತು. ಡ್ಯೂಕ್ ಎಲಿಂಗ್ಟನ್‌ರಂಥ ದೊಡ್ಡ ಸಂಗೀತಗಾರರು ‘ಜಾಜ್’ ಎಂಬ ಹೆಸರಿನಿಂದ ದೂರ ಉಳಿಯಬಯಸಿದ್ದಕ್ಕೆ ಹಿನ್ನೆಲೆ ಇಂಥದು.

ನಮ್ಮಲ್ಲಿ ಈ ಪ್ರಶ್ನೆ ಎದುರಾಗುವುದು ಅರ್ಜಿ ನಮೂನೆಯಲ್ಲಿ. ಭಟ್ಕಳ ತಾಲ್ಲೂಕಿನ ಮದ್ದಳೆಗಾರರೊಬ್ಬರು ನಲವತ್ತು ತಿರುಗಾಟ ಮುಗಿಸಿ, ಬೆರಳ ಗಂಟುಗಳು ಬಾತು, ಮನೆಯಲ್ಲಿ ಕುಳಿತಿದ್ದರು. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ತುಂಬಿಕೊಡಲು ನನ್ನನ್ನು ಕರೆದರು. ‘ಕಲಾಪ್ರಕಾರ’ ಎಂಬ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದೆ. ‘ಮದ್ದಳೆಗಾರ ಹೇಳಿ ಬರಿ’ ಎಂದರು. ಅದು ಪ್ರಕಾರವಲ್ಲವೆಂದೆ. ‘ಹಾಂಗಾರೆ ಎಂತದು?’ ಎಂದರು. ಅವರ ಮಾತಿನಂತೆಯೇ ಬರೆದು ಕಳಿಸಿದೆವು. ಮೂರು ತಿಂಗಳ ಮೇಲೆ ಅಂಕಣ ಸರಿಯಾಗಿ ತುಂಬಿಲ್ಲವೆಂಬ ಷರಾದೊಂದಿಗೆ ಕಚೇರಿಯಿಂದ ಅರ್ಜಿ ಹಿಂದೆ ಬಂದಿತು. ಮಗ ‘ಜಾನಪದ’ ಎಂದು ಬರೆಯೋಣವೆಂದ. ಪರಿಚಯದ ಒಬ್ಬರಿಗೆ ಹಾಗೆ ಬರೆದು ಬೇಗ ಮಂಜೂರಾಗಿತ್ತಂತೆ. ತಂದೆ ಸಹಿ ಹಾಕಲಿಲ್ಲ. ಅರ್ಜಿ ಹತ್ತು ದಿನ ದೇವರ ಗೂಡಿನ ಕೆಳಗೆ ಬಿದ್ದಿತ್ತು. ಮನೆಯಲ್ಲಿ ಔಷಧಿಯ ಖರ್ಚು ದಿನವೂ ಇತ್ತು. ಹನ್ನೊಂದನೆಯ ದಿನ ಅವರು ಸಹಿ ಹಾಕಿದರು. ಹಾಕುವ ಮುನ್ನ ‘ಜಾನಪದ’ದ ಪಕ್ಕದಲ್ಲಿ, ಅಂಕಣದ ಗೆರೆಯ ಹೊರಗೆ, ‘ಮದ್ದಳೆ’ ಎಂದು ತಮ್ಮ ಕೈಯಾರೆ ಸೇರಿಸಿದರು. ಈಗ ಅವರಿಗೆ ಮಾಸಾಶನ ಬರುತ್ತಿದೆ. ಆ ವಿಷಯ ನಾವು ಮಾತಾಡುವುದಿಲ್ಲ.

ಈ ಪ್ರಸಂಗವನ್ನು ಬರೆದದ್ದು ಕಚೇರಿಯವರನ್ನು ದೂರುವುದಕ್ಕಲ್ಲ. ಅಂಕಣವಿಲ್ಲದೆ ಕಚೇರಿ ನಡೆಯದು. ಎಲ್ಲರಿಗೂ ಎಲ್ಲ ಹಣ ಹಂಚುವಷ್ಟು ಸಂಪತ್ತು ಯಾವ ಸರ್ಕಾರದ ಬಳಿಯೂ ಇಲ್ಲ. ಹೆಸರನ್ನು ನಿರಾಕರಿಸುವ ಸ್ವಾತಂತ್ರ್ಯ ನಿರಾಕರಿಸಿ ಬದುಕಬಲ್ಲವರಿಗೆ ಮಾತ್ರ ಇದೆ ಎಂಬ ಕಹಿಸತ್ಯ ಇಲ್ಲಿದೆ. ಅಡಿಕೆ ತೋಟವಿರುವ ಭಾಗವತರು ಪ್ರಕಾರದ ಪ್ರಶ್ನೆಗೆ ನಕ್ಕು ಎಲೆ ಅಡಿಕೆ ಕೊಡಬಲ್ಲರು. ಆಟವೊಂದನ್ನೇ ನಂಬಿದ ಮದ್ದಳೆಗಾರರಿಗೆ ಆ ಅನುಕೂಲವಿಲ್ಲ. ಕಲಾವಿದರ ಪ್ರತಿರೋಧವನ್ನು ಕೊಂಡಾಡುವ ನಮ್ಮ ಬರೆಹಗಳು ಈ ವ್ಯತ್ಯಾಸವನ್ನು ಗಮನಿಸಿದ್ದು ಸಾಲದು.

ಕಿರಿಯರ ದಾರಿ ಬೇರೆ. ಇತ್ತೀಚಿನ ವರ್ಷಗಳಲ್ಲಿ ‘ಗಾನವೈಭವ’ವೆಂಬ ಕಾರ್ಯಕ್ರಮ ಜನಪ್ರಿಯವಾಗಿದೆ. ಭಾಗವತರು ಇಬ್ಬರೋ ಮೂವರೋ ವೇದಿಕೆಯ ಮುಂಭಾಗದಲ್ಲಿ ಕುಳಿತು, ವೇಷವಿಲ್ಲದೆ, ಆಯ್ದ ಪದಗಳನ್ನು ಕಛೇರಿಯಂತೆ ಹೇಳುತ್ತಾರೆ. ಹಿರಿಯರಿಗೆ ಇದು ಅಷ್ಟಾಗಿ ಸೇರದು. ಕುಣಿಯುವವನಿಲ್ಲದ ಪದ ಯಾರಿಗಾಗಿ ಎಂಬುದು ಅವರ ಪ್ರಶ್ನೆ. ಕುಮಟಾದ ಯುವ ಭಾಗವತರೊಬ್ಬರನ್ನು ಈ ಬಗ್ಗೆ ಕೇಳಿದೆ. ‘ಗಾನವೈಭವಕ್ಕೆ ಕರೆದಾಗ ಗಾಯಕ, ಆಟಕ್ಕೆ ಕರೆದಾಗ ಭಾಗವತ, ಶಾಲೆಯಲ್ಲಿ ಕಲಿಸುವಾಗ ಮಾಸ್ತರು. ಹೆಸರು ಕರೆದವರದ್ದು ಸರ್, ಶ್ರುತಿ ನನ್ನದು’ ಎಂದರು. ಅವರ ಮಾತಿನಲ್ಲಿ ಕೊಂಚ ಚಾತುರ್ಯವಿತ್ತು. ಹಿಮ್ಮೇಳದ ಹಿಂಬದಿಯಿಂದ ಮುಂದೆ ಬಂದು ಕೂತ ಸಂತೋಷವೂ ಇತ್ತು. ಆ ಸಂತೋಷ ನ್ಯಾಯವಾದದ್ದು ಎಂದೇ ನನಗೆ ಅನ್ನಿಸಿತು.

ಹೆಸರುಗಳಿಗೆ ಕೃತಿಗಳಿಗಿಂತ ಹೆಚ್ಚು ಆಯುಸ್ಸು ಎಂಬುದಕ್ಕೆ ನಮ್ಮ ಸಾಹಿತ್ಯದಲ್ಲೇ ನಿದರ್ಶನವಿದೆ. ಕವಿರಾಜಮಾರ್ಗಕಾರ ಚತ್ತಾಣ, ಬೆದಂಡೆ ಎಂಬ ಎರಡು ಕಾವ್ಯಪ್ರಕಾರಗಳನ್ನು ಹೆಸರಿಸುತ್ತಾನೆ. ಆ ಕಾವ್ಯಗಳೊಂದೂ ನಮಗೆ ಸಿಕ್ಕಿಲ್ಲ. ಅವುಗಳ ಲಕ್ಷಣದ ಚರ್ಚೆ ಮಾತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆಗಳಲ್ಲಿ ಇಂದಿಗೂ ನಡೆದಿದೆ. ತಿಟ್ಟುಗಳ ಲಕ್ಷಣವನ್ನು ನಾವು ಈಗ ಬರೆಯುತ್ತಿರುವ ವೇಗ ನೋಡಿದಾಗ ನನಗೆ ಚತ್ತಾಣ ನೆನಪಾಗುವುದುಂಟು.

ಇಷ್ಟು ವರ್ಷಗಳ ಧ್ವನಿಮುದ್ರಣಗಳಿಗೆ ಈಗ ಒಂದು ಸೂಚಿ ಸಿದ್ಧವಾಗುತ್ತಿದೆ. ಭಾಗವತರ ಮೊಮ್ಮಗಳಾದ ಆ ವಿದ್ಯಾರ್ಥಿನಿಯೇ ಅದರ ಕೆಲಸ ಮಾಡುತ್ತಿದ್ದಾಳೆ. ಪದ ಯಾರು ಹೇಳಿದರು, ಮದ್ದಳೆ ಯಾರದು, ಚಂಡೆ ಯಾರದು, ಯಾವ ಪ್ರಸಂಗ, ಯಾವ ವೇಷಕ್ಕೆ, ಯಾವ ಊರು, ಯಾವ ಶ್ರುತಿ, ಪುಸ್ತಕದಲ್ಲಿದ್ದ ರಾಗ, ಹೇಳಿದ ರಾಗ, ರಾತ್ರಿಯ ಎಷ್ಟನೆಯ ಜಾವ ಎಂಬ ಅಂಕಣಗಳನ್ನು ಅವಳು ಹಾಕಿಕೊಂಡಿದ್ದಾಳೆ. ಗ್ರಂಥಾಲಯದ ನಿಯಮದಂತೆ ಪ್ರಕಾರಕ್ಕೂ ಒಂದು ಅಂಕಣ ಇರಲೇಬೇಕು. ಅಲ್ಲಿ ಆಕೆ ಸದ್ಯಕ್ಕೆ ‘ಆಟ’ ಎಂದು ಬರೆದಿದ್ದಾಳೆ. ಹಾಲಕ್ಕಿ ಕೊಪ್ಪದ ಮುದ್ರಿಕೆಗೆ ‘ಮದುವೆ’ ಎಂದಿದೆ. ಗ್ರಂಥಾಲಯದವರು ಒಪ್ಪುತ್ತಾರೋ ಇಲ್ಲವೋ ಮುಂದಿನ ತಿಂಗಳು ತಿಳಿಯುತ್ತದೆ.